ತಿರುಗುವ ಡಿಶ್ಶಿಗೆ ನೆಟ್ಟಗಿನ ಕಂಬ



ಮಾಸಿಕ ಸಭೆಯಲ್ಲಿ ಗೊಬ್ಬರದ ವಿಷಯ, ಕೊಳೆರೋಗದ ವಿಷಯ ಮುಗಿದು ಕಾಫಿ ಲೋಟ ಕೈಗೆ ಬಂದ ಮೇಲೆ ಸದಸ್ಯರು ನಮ್ಮನ್ನು ಕೇಳುವ ಪ್ರಶ್ನೆ ಈಚೆಗೆ ಒಂದೇ ಆಗಿದೆ. "ಸಂಘದ ಗೋದಾಮಿನ ಹಿಂದೆ ನಿಲ್ಲಿಸಿದ್ದೀರಲ್ಲ, ಆ ತಿರುಗುವ ಡಿಶ್ಶು, ಅಂಥದ್ದೊಂದು ನಮ್ಮ ಮನೆಗೂ ಆದೀತೇ? ತಿಂಗಳು ತಿಂಗಳು ದುಡ್ಡು ಕಟ್ಟುವುದು ತಪ್ಪೀತೇ?" ಒಬ್ಬೊಬ್ಬರಿಗೆ ಒಂದೊಂದು ಉತ್ತರ ಹೇಳುವುದಕ್ಕಿಂತ ನಡೆದದ್ದನ್ನು ನಡೆದಂತೆ ಬರೆದುಬಿಡುವುದೇ ಲೇಸೆಂದು ಈ ಲೇಖನ. ನಮ್ಮ ತಪ್ಪುಗಳನ್ನೂ ಸೇರಿಸಿಯೇ ಬರೆದಿದ್ದೇವೆ. ಖರ್ಚಾದದ್ದು ಸಂಘದ ಹಣ. ಲೆಕ್ಕ ಒಪ್ಪಿಸುವುದು ಕಾರ್ಯದರ್ಶಿಯ ಕರ್ತವ್ಯವೂ ಹೌದು.

ಇದಕ್ಕೆ ಮೊದಲಾದದ್ದು 2019ರ ಆಗಸ್ಟಿನ ಆಶ್ಲೇಷ ಮಳೆ. ಅದರ ಹಿಂದಿನ ವರ್ಷ ಕೊಡಗಿನಲ್ಲಿ ಗುಡ್ಡ ಜರಿದದ್ದನ್ನು ಪತ್ರಿಕೆಯಲ್ಲಿ ಓದಿದ್ದೆವು. ಆ ವರ್ಷ ಮೂಡಿಗೆರೆ ಕಡೆಯೇ ಜರಿಯಿತು. ನಮ್ಮ ಕೊಪ್ಪ ಸೀಮೆಯ ಈ ಮೂಲೆಯಲ್ಲಿ ಕರೆಂಟಿಲ್ಲ, ಫೋನಿಲ್ಲ, ಹಳ್ಳ ಉಕ್ಕಿ ದಾರಿಯೂ ಇಲ್ಲ. ನಮ್ಮ ಹಿರಿಯ ಸದಸ್ಯರೊಬ್ಬರ ಮಗಳನ್ನು ಮೂಡಿಗೆರೆ ಕಡೆಗೆ ಕೊಟ್ಟಿದೆ. ಅವರು ದಿನಾ ಬೆಳಗ್ಗೆ ಕಂಬಳಿಕೊಪ್ಪೆ ಹಾಕಿಕೊಂಡು ಸಂಘದ ಕಚೇರಿಗೆ ಬಂದು ಬೆಂಚಿನ ಮೇಲೆ ಕೂರುವರು. "ಏನಾದರೂ ಸುದ್ದಿ ಬಂತೇ?" ಎಂದು ಒಂದು ಸಲ ಕೇಳುವರು, ಮತ್ತೆ ಮಾತಿಲ್ಲ. ಕಚೇರಿಯಲ್ಲಿ ಬ್ಯಾಟರಿ ಇತ್ತು, ಟಿ.ವಿ. ಇತ್ತು, ಮಾಡಿನ ಮೇಲೆ ಎರಡಡಿಯ ಚಿಕ್ಕ ಡಿಶ್ಶೂ ಇತ್ತು. ಪರದೆಯ ಮೇಲೆ ಮಾತ್ರ 'ಸಿಗ್ನಲ್ ಇಲ್ಲ' ಎಂಬ ಒಂದೇ ಸಾಲು. ಮಳೆ ಒಂದು ಗಳಿಗೆ ಹೊಳವಾದರೆ ಚಿತ್ರ ಬರುವುದು. ಸುದ್ದಿಯವನು ಊರಿನ ಹೆಸರು ಹೇಳುವಷ್ಟರಲ್ಲಿ ಮತ್ತೊಂದು ಸುರಿ ಬಂದು ಚಿತ್ರ ಚೂರು ಚೂರಾಗಿ ನಿಲ್ಲುವುದು. ಐದನೆಯ ದಿನ ಮಗಳದ್ದೇ ಫೋನು ಬಂತು, ಎಲ್ಲರೂ ಕ್ಷೇಮವೆಂದು. ಆದರೆ ಆ ಐದು ದಿನ ಅವರ ಎದುರು ಕೂತು ಲೆಡ್ಜರು ಬರೆದ ನಮಗೆ, ಮಳೆಗಾಲದಲ್ಲಿಯೂ ಕೆಲಸ ಮಾಡುವಂಥದ್ದು ಏನಾದರೊಂದು ಈ ಕಚೇರಿಯಲ್ಲಿ ಇರಲೇಬೇಕೆನಿಸಿತು.

ಚಿಕ್ಕ ಡಿಶ್ಶು ಮಳೆಯಲ್ಲಿ ಕಣ್ಣು ಮುಚ್ಚುವುದಕ್ಕೆ ಕಾರಣವಿದೆ. ದೂರದರ್ಶನದ ಉಚಿತ ಸೇವೆ 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಆರಂಭವಾಯಿತು. ಈಗ ಅದನ್ನೇ ಡಿಡಿ ಫ್ರೀ ಡಿಶ್ ಎನ್ನುತ್ತೇವೆ. ಅದೂ, ಹಣ ಕಟ್ಟಿ ನೋಡುವ ಡಿ.ಟಿ.ಎಚ್.ಗಳೂ ಬರುವುದು ಕೆ.ಯು. ಬ್ಯಾಂಡಿನಲ್ಲಿ. ಅದರ ಅಲೆಯ ಉದ್ದ ಎರಡೂವರೆ ಸೆಂ.ಮೀ. ಆಸುಪಾಸು. ದಪ್ಪ ಹನಿಯ ಜಡಿಮಳೆ ಅಂಥ ಅಲೆಯನ್ನು ದಾರಿಯಲ್ಲಿಯೇ ನುಂಗಿಬಿಡುತ್ತದೆ. ಇದಕ್ಕಿಂತ ಹಳೆಯದಾದ ಸಿ-ಬ್ಯಾಂಡಿನ ಅಲೆ ಸುಮಾರು ಏಳೂವರೆ ಸೆಂ.ಮೀ. ಅದಕ್ಕೆ ನಮ್ಮ ಮಳೆ ಹೆಚ್ಚುಕಡಿಮೆ ಲೆಕ್ಕಕ್ಕಿಲ್ಲ. ಆದರೆ ನೆಲ ಮುಟ್ಟುವಾಗ ಅದರ ಬಲ ಕಡಿಮೆ, ಹಾಗಾಗಿ ಹಿಡಿಯಲು ಆರಡಿ, ಎಂಟಡಿಯ ದೊಡ್ಡ ಡಿಶ್ಶು ಬೇಕು. ಅಲೆ ಉದ್ದವಾದ್ದರಿಂದ ತಗಡಿನದೇ ಆಗಬೇಕೆಂದಿಲ್ಲ, ಸಣ್ಣ ಕಣ್ಣಿನ ಜಾಲರಿಯೂ ಸಾಕು. 1975ರ ಆಗಸ್ಟಿನಿಂದ ಒಂದು ವರ್ಷ ಎ.ಟಿ.ಎಸ್.-6 ಉಪಗ್ರಹದ ಮೂಲಕ ನಮ್ಮ ದೇಶದ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ತೋರಿಸಿದ 'ಸೈಟ್' ಪ್ರಯೋಗದಲ್ಲಿ ಬಳಸಿದ್ದೂ ಕೋಳಿಬಲೆಯಂಥ ಜಾಲರಿಯ ಹತ್ತಡಿ ಡಿಶ್ಶುಗಳನ್ನೇ. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು.

ಜಾಲರಿ ಡಿಶ್ಶು ನಮ್ಮ ಸೀಮೆಗೆ ಹೊಸದೇನಲ್ಲ. 1991ರಲ್ಲಿ ಸ್ಟಾರ್ ಟಿ.ವಿ. ಬಂದ ಹೊಸದರಲ್ಲಿ ದೊಡ್ಡ ತೋಟಗಳವರೂ ಪೇಟೆಯ ಕೇಬಲ್ಲಿನವರೂ ಪೈಪೋಟಿಯಲ್ಲಿ ಹಾಕಿಸಿದ್ದರು. ಚಿಕ್ಕ ಡಿಶ್ಶು ಬಂದ ಮೇಲೆ ಅವುಗಳಲ್ಲಿ ಎಷ್ಟೋ ಕೋಳಿಗೂಡಿನ ಮಾಡಾದವು, ಮೆಣಸು ಒಣಗಿಸುವ ತಟ್ಟೆಯಾದವು. ನಮಗೂ ಒಂದು ಎಂಟಡಿಯದು ಕೇಬಲ್ ವ್ಯವಹಾರ ಬಿಟ್ಟವರೊಬ್ಬರ ಹಿತ್ತಲಲ್ಲಿ ಗುಜರಿ ಬೆಲೆಗೆ ಸಿಕ್ಕಿತು. ಇದನ್ನು ಮುಂಚೆಯೇ ಹೇಳುತ್ತೇವೆ: ಡಿಶ್ಶಿಗಿಂತ ಕಂಬಕ್ಕೂ ಸಿಮೆಂಟಿಗೂ ಹೆಚ್ಚು ಖರ್ಚಾಯಿತು. ಮೊದಲನೆಯ ಸಲವೇ ಇನ್ನೂ ಸ್ವಲ್ಪ ಹೆಚ್ಚು ಮಾಡಿದ್ದರೆ ಎರಡನೆಯ ಸಲದ ಖರ್ಚು ಉಳಿಯುತ್ತಿತ್ತು.

ಇನ್ನು ತಿರುಗಿಸುವುದೇಕೆ? ನಮ್ಮ ಹುಡುಗುತನದಲ್ಲಿ ಅಡಿಕೆ ಮರದ ತುದಿಗೆ ಆಂಟೆನಾ ಕಟ್ಟಿ, ಮರದ ಮೇಲೊಬ್ಬ, ಅಂಗಳದಲ್ಲೊಬ್ಬ, ಟಿ.ವಿ. ಮುಂದೊಬ್ಬ ನಿಂತು "ಬಂತು, ಬಂತು, ಅಯ್ಯೋ ಹೋಯ್ತು" ಎಂದು ಕೂಗಿಕೊಂಡದ್ದು ನೆನಪಿರಬಹುದು. ಈಗಿನದೂ ಅದೇ ಕೆಲಸ, ಮರ ಹತ್ತುವವನ ಬದಲು ಮೋಟಾರು. ಉಪಗ್ರಹಗಳೆಲ್ಲ ಒಂದೇ ಕಡೆ ಇಲ್ಲ. ಭೂಮಧ್ಯರೇಖೆಯ ನೇರ ಮೇಲೆ, 35,786 ಕಿ.ಮೀ. ಎತ್ತರದಲ್ಲಿ, ಭೂಮಿಯ ಜೊತೆಜೊತೆಗೇ ಸುತ್ತುತ್ತ ಸಾಲಾಗಿ ನಿಂತಿವೆ. ಜೊತೆಗೇ ಸುತ್ತುವುದರಿಂದ ನಮ್ಮ ಕಣ್ಣಿಗೆ ಅಲುಗಾಡದೆ ನಿಂತಂತೆ. ನಮ್ಮ ದೇಶದ ಇಂಥ ಉಪಗ್ರಹಗಳನ್ನು ಅವುಗಳ ಜಾಗದಲ್ಲಿ ಹಿಡಿದಿಡುವ ಪ್ರಧಾನ ನಿಯಂತ್ರಣ ಕೇಂದ್ರ 1982ರಿಂದ ಹಾಸನದಲ್ಲಿಯೇ ಇದೆ. ಕ್ಯೂರಿಂಗಿಗೆ ಕಾಫಿ ಹೊತ್ತು ಹೋಗುವ ನಮ್ಮ ಲಾರಿಯವರಿಗೆ ಆ ಊರಿನ ದಾರಿ ಹೊಸದಲ್ಲ. ಉಚಿತ ಚಾನಲ್ಲುಗಳು ಈ ಸಾಲಿನುದ್ದಕ್ಕೂ ಹರಡಿವೆ, ಮೇಲಾಗಿ ಒಂದನ್ನು ಬಿಟ್ಟು ಇನ್ನೊಂದಕ್ಕೆ ಗುಳೆ ಹೋಗುತ್ತಲೂ ಇರುತ್ತವೆ. ಚಾನಲ್ಲುಗಳ ಪಟ್ಟಿಯನ್ನು ಇಲ್ಲಿ ಅಚ್ಚು ಹಾಕದಿರಲು ಅದೇ ಕಾರಣ. ಪತ್ರಿಕೆ ನಿಮ್ಮ ಕೈ ಸೇರುವಷ್ಟರಲ್ಲಿ ಅದು ಹಳತಾಗಿರುತ್ತದೆ. ದೂರದರ್ಶನದ ವಾಹಿನಿಗಳು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿವೆ. ಅಲ್ಲಿ ಜಿಸ್ಯಾಟ್-15 ಕೆ.ಯು. ಬ್ಯಾಂಡಿಗೆ, ಜಿಸ್ಯಾಟ್-17 ಸಿ-ಬ್ಯಾಂಡಿಗೆ. 83 ಡಿಗ್ರಿಯಲ್ಲಿ 2020ರ ಜನವರಿ 17ರಂದು ಹಾರಿದ ಜಿಸ್ಯಾಟ್-30. ಹೀಗೆ ಪೂರ್ವಕ್ಕೂ ಪಶ್ಚಿಮಕ್ಕೂ ಇನ್ನೂ ಎಷ್ಟೋ.

ಸುಮಾರು 13.5 ಡಿಗ್ರಿ ಅಕ್ಷಾಂಶದಲ್ಲಿರುವ ನಮ್ಮ ಅಂಗಳದಿಂದ ನೋಡಿದರೆ ಈ ಸಾಲು ದಕ್ಷಿಣದ ಆಕಾಶದಲ್ಲಿ ಕಮಾನಿನಂತೆ ಹಾಯುತ್ತದೆ. ಕಮಾನಿನ ನೆತ್ತಿ ನೇರ ದಕ್ಷಿಣಕ್ಕೆ, ನೆಲದಿಂದ 74 ಡಿಗ್ರಿ ಎತ್ತರದಲ್ಲಿ, ಹೆಚ್ಚುಕಡಿಮೆ ನಡುನೆತ್ತಿಯೇ. 83ರದ್ದು ಸುಮಾರು 72 ಡಿಗ್ರಿ, 93.5ರದ್ದು ಆಗ್ನೇಯಕ್ಕೆ 64 ಡಿಗ್ರಿ ಎತ್ತರ. ಮರಗಳ ನಡುವೆ ಮನೆ ಕಟ್ಟಿಕೊಂಡ ನಮ್ಮಂಥವರಿಗೆ ಇದೊಂದು ಭಾಗ್ಯ. ತಲೆಯ ಮೇಲೆ ಒಂದಿಷ್ಟು ಆಕಾಶ ತೆರೆದಿದ್ದರೆ ಸಾಕು. ಇದರದೇ ಒಂದು ಉಪದ್ರವವೂ ಉಂಟು. ಅಷ್ಟು ಮೇಲೆ ಮುಖ ಮಾಡಿದ ಡಿಶ್ಶು ಬಾಣಲೆಯಂತೆ. ತಗಡಿನದಾದರೆ ನೀರೂ ತರಗೆಲೆಯೂ ತುಂಬಿಕೊಳ್ಳುತ್ತವೆ. ನಮಗೆ ಜಾಲರಿಯೇ ಸರಿ.

2020ರ ಫೆಬ್ರವರಿಯಲ್ಲಿ, ಅರೇಬಿಕಾ ಕೊಯ್ಲು ಮುಗಿದು ಅಡಿಕೆ ಬೇಯಿಸುವ ಒಲೆ ಆರಿದ ಮೇಲೆ, ಕೆಲಸಕ್ಕೆ ಕೈ ಹಾಕಿದೆವು. ನಾವು, ಗಾರೆಯವರೊಬ್ಬರು, ಸದಸ್ಯರೊಬ್ಬರ ಡಿಪ್ಲೊಮಾ ಓದಿದ ಮಗ. ತಿರುಗುವ ಡಿಶ್ಶಿನ ಗುಟ್ಟು ಇಷ್ಟೇ: ಅದು ತಿರುಗುವ ಕೀಲು ಭೂಮಿಯ ಅಚ್ಚಿಗೆ ಸಮನಾಗಿ ಇರಬೇಕು, ಅಂದರೆ ಧ್ರುವ ನಕ್ಷತ್ರದ ಕಡೆಗೆ 13.5 ಡಿಗ್ರಿ ಮೇಲಕ್ಕೆ ವಾಲಿರಬೇಕು. ಅದರ ಮೇಲೆ ಡಿಶ್ಶನ್ನು ಇನ್ನೂ 2.4 ಡಿಗ್ರಿಯಷ್ಟು ದಕ್ಷಿಣಕ್ಕೆ ಬಾಗಿಸಬೇಕು. ಉಪಗ್ರಹಗಳು ಅನಂತ ದೂರದಲ್ಲಿಲ್ಲ, ನಾವು ಭೂಮಧ್ಯರೇಖೆಗೆ ಉತ್ತರದಲ್ಲಿದ್ದೇವೆ ಎಂಬುದಕ್ಕೆ ಈ ತಿದ್ದುಪಡಿ. ಈ ಎರಡು ಕೋನ ಸರಿಯಿದ್ದರೆ ಒಂದೇ ಮೋಟಾರಿನ ತಳ್ಳುಗೈ ಡಿಶ್ಶನ್ನು ಪೂರ್ವದಿಂದ ಪಶ್ಚಿಮಕ್ಕೆ ದೂಡುವಾಗ ಅದರ ನೋಟ ತಾನಾಗಿಯೇ ಕಮಾನಿನ ಮೇಲೆ ಜಾರುತ್ತ ಹೋಗುತ್ತದೆ. ಇದೆಲ್ಲಕ್ಕೂ ಆಧಾರ ಕಂಬ. ಅದು ಕೆಟ್ಟರೆ ಎಲ್ಲ ಕೋನವೂ ಕೆಟ್ಟಂತೆ. ಒಂದು ಮೀಟರ್ ಎತ್ತರಕ್ಕೆ ಒಂದು ಸೆಂ.ಮೀ. ವಾಲಿದರೆ ಅರ್ಧ ಡಿಗ್ರಿಗೂ ಸ್ವಲ್ಪ ಮಿಗಿಲಾಯಿತು. ಎಂಟಡಿ ಡಿಶ್ಶಿನ ನೋಟದ ಅಗಲವೇ ಎರಡು ಡಿಗ್ರಿ ಚಿಲ್ಲರೆ, ನಡುವಿನಿಂದ ಆಚೆಗೊಂದು ಈಚೆಗೊಂದು.

ದಕ್ಷಿಣ ಹುಡುಕಲು ದಿಕ್ಸೂಚಿ ತಂದೆವು. ಕಬ್ಬಿಣದ ಕಂಬ, ಗೋದಾಮಿನ ತಗಡಿನ ಮಾಡು ಎರಡರ ನಡುವೆ ಅದು ಹೆಜ್ಜೆಗೊಂದು ದಕ್ಷಿಣ ತೋರಿಸಿತು. ಗಾರೆಯವರು ನಕ್ಕು, ನೆಲ ಮಟ್ಟ ಮಾಡಿ, ಒಂದು ಗೂಟ ನೆಟ್ಟರು. ಗೂಟದ ಸುತ್ತ ಹಗ್ಗದಿಂದ ವೃತ್ತ ಗೀರಿ, ಬೆಳಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟಿದಲ್ಲಿ ಒಂದು ಮೊಳೆ, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟಿದಲ್ಲಿ ಇನ್ನೊಂದು ಮೊಳೆ ಹೊಡೆದರು. ಎರಡು ಮೊಳೆಯ ನಡುಮಧ್ಯದಿಂದ ಗೂಟಕ್ಕೆ ಎಳೆದ ದಾರವೇ ಉತ್ತರ ದಕ್ಷಿಣ. ಮನೆಗೆ ಪಾಯ ಹಾಕುವಾಗ ಅವರ ಅಜ್ಜನ ಕಾಲದಿಂದ ಮಾಡಿಕೊಂಡು ಬಂದ ಶಂಕುವಿನ ಕ್ರಮವಂತೆ. ನಾವು ಬಿ.ಎಸ್ಸಿ.ಯಲ್ಲಿ ಓದಿದ್ದು ಆ ಹೊತ್ತಿಗೆ ನೆನಪಿಗೆ ಬಂದಿರಲಿಲ್ಲ.

ಕಂಬ ಮೂರಂಗುಲದ ಜಿ.ಐ. ಪೈಪು. ನೆಲದೊಳಗೆ ಮೂರಡಿ, ಬುಡಕ್ಕೆ ಅಡ್ಡ ಸರಳು ಬೆಸುಗೆ, ಸುತ್ತ ಕಾಂಕ್ರೀಟು. ತೂಗುಗುಂಡು ಇಳಿಬಿಟ್ಟು, ರಸಮಟ್ಟವನ್ನು ನಾಲ್ಕೂ ಕಡೆ ಹಿಡಿದು ನೋಡಿ ನೆಟ್ಟಗೆ ನಿಲ್ಲಿಸಿ, ಒಂದು ವಾರ ನೀರುಣಿಸಿದೆವು. ಎಲ್ಲವೂ ಶಾಸ್ತ್ರೋಕ್ತ. ಮಾಡಿದ ತಪ್ಪು ಜಾಗದ್ದು. ಕಣ ಅಗಲ ಮಾಡಲು ನಾಲ್ಕು ವರ್ಷ ಮುಂಚೆ ಮಣ್ಣು ತುಂಬಿಸಿದ್ದ ಅಂಚಿನಲ್ಲಿಯೇ ನೆಟ್ಟೆವು. ಆಕಾಶ ಅಲ್ಲಿ ಚೆನ್ನಾಗಿ ತೆರೆದಿತ್ತು ಎಂಬುದೊಂದೇ ನಮ್ಮ ಕಣ್ಣಿಗೆ ಬಿದ್ದದ್ದು.

ತಳ್ಳುಗೈಯನ್ನು ಅಂಗಡಿಯಲ್ಲಿ ಆಕ್ಚುಯೇಟರ್ ಎಂದು ಕೇಳಬೇಕು. ಲಾರಿಯ ಜಾಕಿನಂತೆ ತಿರುಪಿನ ಮೇಲೆ ಉದ್ದ ಗಿಡ್ಡ ಆಗುವ ಸಲಾಕೆ, 36 ವೋಲ್ಟಿನ ಮೋಟಾರು, ಎಷ್ಟು ಸುತ್ತು ಸುತ್ತಿತೆಂದು ಎಣಿಸುವ ಚಿಕ್ಕದೊಂದು ಸ್ವಿಚ್ಚು. ಒಳಗೆ ರಿಸೀವರಿನ ಪಕ್ಕ ಒಂದು ಪೊಸಿಷನರ್ ಡಬ್ಬಿ. ಒಂದೊಂದು ಉಪಗ್ರಹದ ಮುಂದೆಯೂ ನಿಲ್ಲಿಸಿ 'ನೆನಪಿಟ್ಟುಕೋ' ಎಂದು ಒತ್ತಿದರೆ ಮುಂದೆ ಚಾನಲ್ಲು ಬದಲಿಸಿದಾಗ ಡಿಶ್ಶು ತಾನೇ ಹೋಗಿ ನಿಲ್ಲುತ್ತದೆ. ಎರಡೂ ತುದಿಗೆ ಮಿತಿ ಹಾಕುವುದನ್ನು ಮರೆಯಬಾರದು; ನಾವು ಮರೆತು, ಮೊದಲ ದಿನವೇ ಪಶ್ಚಿಮದ ತುದಿಯಲ್ಲಿ ಸಲಾಕೆ ಚೌಕಟ್ಟಿಗೆ ಒತ್ತಿ ಬಾಗಿತು. ಮೊದಲು ನೆತ್ತಿಯ ಹತ್ತಿರದ ಉಪಗ್ರಹ ಹಿಡಿಯಬೇಕು, ಆಮೇಲೆ ಎರಡು ತುದಿ. ಪೂರ್ವದ ತುದಿಯಲ್ಲಿ ಡಿಶ್ಶಿನ ಅಂಚನ್ನು ಕೈಯಿಂದ ಕೆಳಗೆ ಒತ್ತಿದಾಗ, ಪಶ್ಚಿಮದ ತುದಿಯಲ್ಲಿ ಮೇಲಕ್ಕೆ ಎತ್ತಿದಾಗ ಸಿಗ್ನಲ್ ಏರಿದರೆ, ಇಡೀ ಚೌಕಟ್ಟು ಪೂರ್ವಕ್ಕೆ ತಿರುಗಿ ಕೂತಿದೆ ಎಂದರ್ಥ. ಕಂಬದ ಮೇಲೆ ಅದನ್ನು ಕೂದಲೆಳೆಯಷ್ಟು ಪಶ್ಚಿಮಕ್ಕೆ ತಿರುಗಿಸಬೇಕು. ಉಲ್ಟಾ ಆದರೆ ಉಲ್ಟಾ. ನಮಗೆ ಇದಕ್ಕೆ ಎರಡು ದಿನ ಹಿಡಿಯಿತು, ಮೂರು ಜನರ ಸಹನೆಯೂ.

ಮಾರ್ಚ್ 14ರ ಸುಮಾರಿಗೆ ಒಂದು ಸೋಜಿಗ. ಬೆಳಗ್ಗೆ ಹನ್ನೊಂದು ದಾಟುತ್ತಿದ್ದಂತೆ, ತಿಳಿ ಆಕಾಶದಲ್ಲಿ, ಚಂದನ ವಾಹಿನಿ ಮಾಯವಾಯಿತು. ಹುಡುಗ ಸ್ಪ್ಯಾನರ್ ಹಿಡಿದು ಓಡಿದ. ಹೋಗಿ ನೋಡಿದರೆ ಡಿಶ್ಶಿನ ಬಾಯಿಗೆ ಕಟ್ಟಿದ ಎಲ್.ಎನ್.ಬಿ.ಯ ನೆರಳು ಡಿಶ್ಶಿನ ನಟ್ಟನಡುವೆ ಬೊಟ್ಟಿಟ್ಟಂತೆ ಬಿದ್ದಿದೆ. ಸೂರ್ಯ ಉಪಗ್ರಹದ ಬೆನ್ನಿಗೇ ಬಂದು ನಿಂತಿದ್ದ. ಅವನ ಗದ್ದಲದಲ್ಲಿ ಉಪಗ್ರಹದ ಪಿಸುಮಾತು ಕೇಳಲಿಲ್ಲ. ಹತ್ತು ನಿಮಿಷದಲ್ಲಿ ತಾನಾಗಿ ಸರಿಹೋಯಿತು. ಮೂರು ನಾಲ್ಕು ದಿನ ಅದೇ ಹೊತ್ತಿಗೆ ಹೀಗಾಗಿ ನಿಂತಿತು. ಸದಸ್ಯರು ಇದನ್ನು ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಇದರಿಂದ ದೊಡ್ಡದೊಂದು ಉಪಯೋಗವಿದೆ. ನಮ್ಮ ಸೀಮೆಯಲ್ಲಿ ಮಾರ್ಚ್ 14ರ ಆಸುಪಾಸು, ಮತ್ತೆ ಸೆಪ್ಟೆಂಬರ್ 28, 29ರ ಆಸುಪಾಸು, ಸೂರ್ಯ ಇಡೀ ದಿನ ನಡೆಯುವುದು ಉಪಗ್ರಹಗಳ ಆ ಕಮಾನಿನ ಮೇಲೆಯೇ. ಡಿಶ್ಶು ನಿಲ್ಲಿಸಬೇಕೆಂದಿರುವ ಜಾಗದಲ್ಲಿ ಆ ದಿನ ಒಂದು ಕುರ್ಚಿ ಹಾಕಿ. ಯಾವ ಹೊತ್ತಿಗೆ ಸಿಲ್ವರ್ ಓಕಿನ ನೆರಳು ಬೀಳುತ್ತದೋ, ಆ ಹೊತ್ತಿನ ಸೂರ್ಯ ಇರುವ ದಿಕ್ಕಿನ ಉಪಗ್ರಹ ನಿಮಗಿಲ್ಲ. ಯಾವ ಉಪಕರಣವೂ ಬೇಡ. ಅಡಿಕೆ ಸೋಗೆಯ ನೆರಳೂ ನೆರಳೇ. ತೆಳುವಾಗಿದೆಯೆಂದು ಬಿಡಬೇಡಿ, ನೆನೆದ ಸೋಗೆ ಅಲೆಯನ್ನು ಚೆನ್ನಾಗಿ ತಡೆಯುತ್ತದೆ.

ಆಮೇಲೆ ಲಾಕ್‌ಡೌನ್ ಬಂತು, ಮಳೆಗಾಲವೂ ಬಂತು. ಶಾಲೆಗಳು ತೆರೆಯಲಿಲ್ಲ. 2020ರ ಜುಲೈಯಲ್ಲಿ ಎಂಟು, ಒಂಬತ್ತು, ಹತ್ತನೆಯ ತರಗತಿಯವರಿಗೆ ಚಂದನದಲ್ಲಿ ಪಾಠ ಶುರುವಾಯಿತು. ಪೇಟೆಯ ಮಕ್ಕಳಿಗೆ ಮೊಬೈಲಿತ್ತು. ನಮ್ಮ ಕಣಿವೆಯಲ್ಲಿ ಮೊಬೈಲಿಗೆ ಗುಡ್ಡದ ನೆತ್ತಿಗೆ ಹೋಗಬೇಕು, ಮಳೆಯಲ್ಲಿ ಅದೂ ಇಲ್ಲ. ಚಿಕ್ಕ ಡಿಶ್ಶಿನ ಕಥೆ ಆಗಲೇ ಹೇಳಿದ್ದೇವೆ. ಸಂಘದ ಜಗಲಿಯಲ್ಲಿ ಟಿ.ವಿ. ಇಟ್ಟರೆ ಮಕ್ಕಳು ದೂರ ದೂರ ಕೂತು ನೋಡಬಹುದೆಂದು ಸಮಿತಿ ತೀರ್ಮಾನಿಸಿತು. ಒಂಬತ್ತು ಮಕ್ಕಳು ಬಂದರು, ಅದರಲ್ಲಿ ಮೂವರು ಲೈನ್ ಮನೆಯವರು.

ಎರಡನೆಯ ವಾರವೇ ಚಿತ್ರ ಕುಂದಿತು. ಮೋಟಾರು ತಿರುಗುತ್ತದೆ, ಡಬ್ಬಿ ಸರಿಯಾದ ಅಂಕಿಯನ್ನೇ ತೋರಿಸುತ್ತದೆ, ಉಪಗ್ರಹ ಮಾತ್ರ ಸಿಗದು. ರಸಮಟ್ಟ ಹಿಡಿದು ನೋಡಿದೆವು. ತುಂಬಿಸಿದ ಮಣ್ಣು ನೀರು ಕುಡಿದು ಕುಸಿದು, ಕಾಂಕ್ರೀಟಿನ ಗಡ್ಡೆ ಸಮೇತ ಕಂಬ ಕಣಿವೆಯ ಕಡೆಗೆ ವಾಲಿತ್ತು. ಮೀಟರಿಗೆ ಮೂರು ಸೆಂ.ಮೀ. ದಿನಾ ಧರೆಗಳಿಗೆ ಕಲ್ಲು ಕಟ್ಟಿಸಿ, ಬಸಿಗಾಲುವೆ ತೋಡಿಸಿ ಬದುಕುವ ನಾವೇ ತುಂಬಿಸಿದ ಮಣ್ಣನ್ನು ನಂಬಿದೆವಲ್ಲ ಎಂದು ನಾಚಿಕೆಯಾಯಿತು. ಜಗಲಿಯಲ್ಲಿ ಒಂಬತ್ತು ಮಕ್ಕಳು ನೋಟುಪುಸ್ತಕ ಬಿಚ್ಚಿಕೊಂಡು ನಮ್ಮ ಮುಖವನ್ನೇ ನೋಡುತ್ತಿದ್ದರು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಮಾತ್ರ ಮೆಲ್ಲಗೆ, "ಇವತ್ತು ಗಣಿತ ಇತ್ತು ಸಾರ್" ಎಂದಳು.

ಆ ಮಳೆಯಲ್ಲಿ ಹೊಸ ಕಂಬ ನೆಡುವ ಮಾತೇ ಇಲ್ಲ. ಕೊನೆಗೌಡರನ್ನು ಕರೆಸಿ, ದಪ್ಪ ಜಿ.ಐ. ತಂತಿಯಿಂದ ಕಂಬವನ್ನು ಮೂರು ಕಡೆ ಎಳೆದು ಮರಕ್ಕೂ ಗೂಟಕ್ಕೂ ಬಿಗಿಸಿದೆವು. ವಾಲಿದ ಕಂಬದ ಮೇಲೆ ಕಮಾನು ಹಿಡಿಯಲಾಗದು, ಆದರೆ ಒಂದೇ ಉಪಗ್ರಹವನ್ನು ಹಿಡಿಯಲು ಅಡ್ಡಿಯಿಲ್ಲ. ತಳ್ಳುಗೈ ಕಳಚಿಟ್ಟು, ಬೋಲ್ಟು ಸಡಿಲಿಸಿ, ಕೈಯಿಂದ ತಡಕಾಡಿ 93.5ರ ಸಿ-ಬ್ಯಾಂಡಿಗೆ ಮುಖ ಮಾಡಿಸಿ ಬಿಗಿದುಬಿಟ್ಟೆವು. ಮೂರು ದಿನದ ಪಾಠ ತಪ್ಪಿತ್ತು. ಆಮೇಲೆ ಪುಷ್ಯ ಕಳೆದು ಆಶ್ಲೇಷ ಸುರಿದರೂ ಚಿತ್ರ ಕದಲಲಿಲ್ಲ. ಕರೆಂಟು ಹೋದ ದಿನ ಬ್ಯಾಟರಿಯಿಂದ ನಡೆಯಿತು. ತಿರುಗುವ ಡಿಶ್ಶೆಂದು ಸಮಿತಿಯಲ್ಲಿ ಮಂಜೂರು ಮಾಡಿಸಿಕೊಂಡದ್ದು ಆ ಮಳೆಗಾಲವಿಡೀ ತಿರುಗದೆಯೇ ನಿಂತಿತ್ತು. ಇಂದಿಗೂ ನಮ್ಮ ಅಭಿಪ್ರಾಯದಲ್ಲಿ ಅದು ಮಾಡಿದ ಅತ್ಯುತ್ತಮ ಕೆಲಸ ಅದೇ.

ಡಿಸೆಂಬರಿನಲ್ಲಿ ಗೋದಾಮಿನ ಹಿಂದೆ, ಅಗೆದು ತೆಗೆದ ಗಟ್ಟಿ ಜಂಬಿಟ್ಟಿಗೆ ನೆಲದಲ್ಲಿ, ಕಂಬವನ್ನು ಮತ್ತೆ ನೆಟ್ಟೆವು. ಇಂದಿನವರೆಗೆ ಅಲುಗಿಲ್ಲ. ಉಪದ್ರವಗಳು ಬೇರೆ ಇವೆ. ಮಂಗಗಳಿಗೆ ಎಂಟಡಿ ಜಾಲರಿ ಉಯ್ಯಾಲೆ. ಎರಡು ಸಲ ಎಲ್.ಎನ್.ಬಿ. ತಿರುಚಿವೆ. ಮೋಟಾರಿನ ಡಬ್ಬಿಯೊಳಗೆ ಇರುವೆ ಗೂಡು ಕಟ್ಟಿತು. ಅಳಿಲು ಕೇಬಲ್ಲು ಕಡಿಯಿತು, ಈಗ ಅದನ್ನು ಪೈಪಿನೊಳಗೆ ಹಾಯಿಸಿದ್ದೇವೆ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಕಂಬಕ್ಕೆ ಅರ್ಥಿಂಗ್ ಮಾಡಿಸಿರಬೇಕು. ಆದರೂ ಮೋಡ ಕಟ್ಟಿದ ಕೂಡಲೇ ರಿಸೀವರಿನಿಂದ ಕೇಬಲ್ಲು ಕಳಚಿಡುವುದೇ ಕ್ಷೇಮ. ಒಂದು ರಿಸೀವರನ್ನು ಹಾಗೆ ಕಳೆದುಕೊಂಡಿದ್ದೇವೆ.

ಈಗ ಮೊದಲಿನ ಪ್ರಶ್ನೆ. ಮನೆಗೆ ಆದೀತೇ? ಆದೀತು, ಆದರೆ ಎಲ್ಲರಿಗೂ ಬೇಡ. ಕನ್ನಡ ಒಂದಿಷ್ಟು, ಹಳೆಯ ಸಿನಿಮಾ ಒಂದಿಷ್ಟು ಸಾಕೆನ್ನುವವರಿಗೆ ಫ್ರೀ ಡಿಶ್ಶಿನ ಎರಡಡಿ ಡಿಶ್ಶೇ ಸಾಕು. ಅದಕ್ಕೆ ಮೋಟಾರು ಕಟ್ಟುವುದು ದಂಡ, ಕೆ.ಯು. ಬ್ಯಾಂಡಿನಲ್ಲಿ ಉಳಿದದ್ದು ಹೆಚ್ಚಿನದೂ ಬೀಗ ಹಾಕಿದ್ದು. ಮಳೆಗಾಲಕ್ಕೂ ಬೇಕು ಎನ್ನುವವರು ಎಂಟಡಿ ಜಾಲರಿ ಹಾಕಿ 93.5ಕ್ಕೆ ಬಿಗಿದುಬಿಡಲಿ. ಹತ್ತಿರ ಹತ್ತಿರದ ಎರಡು ಉಪಗ್ರಹ ಬೇಕಾದರೆ ಪಕ್ಕದಲ್ಲಿ ಇನ್ನೊಂದು ಎಲ್.ಎನ್.ಬಿ. ಕಟ್ಟಿದರಾಯಿತು, ಆಗಲೂ ಮೋಟಾರು ಬೇಡ. ಮೂರು ನಾಲ್ಕಕ್ಕೆ ಹೋಗುವವರಿಗೆ, ಕೈಕೆಲಸದಲ್ಲಿ ಆಸಕ್ತಿ ಇರುವವರಿಗೆ, ಐದಾರು ಮನೆ ಸೇರಿ ಒಂದು ಹಾಕುವವರಿಗೆ ಮಾತ್ರ ಮೋಟಾರು. ಒಂದು ಡಿಶ್ಶು ಒಂದು ಹೊತ್ತಿಗೆ ಒಂದೇ ಕಡೆ ನೋಡುತ್ತದೆಂಬುದನ್ನು ಐದಾರು ಮನೆಯವರು ಮುಂಚೆಯೇ ಮಾತಾಡಿಕೊಂಡಿರಬೇಕು. ನಮ್ಮಲ್ಲಿ ಅಸ್ಸಾಮಿನಿಂದ ಕೆಲಸಕ್ಕೆ ಬಂದಿರುವ ಹುಡುಗರು ಭಾನುವಾರ ಬರುತ್ತಾರೆ. ಅವರ ಭಾಷೆ ಯಾವ ಉಪಗ್ರಹದಲ್ಲಿದೆಯೋ ಎಂದು ಡಿಶ್ಶನ್ನು ಆ ತುದಿಯಿಂದ ಈ ತುದಿಗೆ ಓಡಿಸಿದೆವು. ಕೊನೆಗೆ ಡಿಡಿ ಅಸ್ಸಾಂ ಸಿಕ್ಕಿದ್ದು ನಮ್ಮ ಚಂದನ ಇರುವ ಆ 93.5ರಲ್ಲಿಯೇ.

ಹಾಕಿಸಬೇಕೆಂದಿರುವವರು ಸೆಪ್ಟೆಂಬರ್ 28ರಂದು ಬಿಸಿಲಿದ್ದರೆ ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಗಂಟೆಗೊಮ್ಮೆ ಜಾಗದ ನೆರಳು ನೋಡಿ ಬರೆದಿಟ್ಟುಕೊಂಡು ಕಚೇರಿಗೆ ಬರಬಹುದು. ತೂಗುಗುಂಡು, ರಸಮಟ್ಟ, ಕೋನ ಅಳೆಯುವ ಪಟ್ಟಿ ಇವುಗಳನ್ನು ಸದಸ್ಯರಿಗೆ ಎರಡು ದಿನಕ್ಕೆ ಎರವಲು ಕೊಡುತ್ತೇವೆ, ಬಾಡಿಗೆ ಇಲ್ಲ. ಕಳೆದ ವರ್ಷ ಒಯ್ದ ರಸಮಟ್ಟ ಇನ್ನೂ ಹಿಂದಿರುಗಿಲ್ಲ. ಯಾರ ಮನೆಯಲ್ಲಿದೆಯೋ ಅವರು ದಯವಿಟ್ಟು ಕೊನೆ ಕೊಯ್ಲಿಗೆ ಮುಂಚೆ ತಲುಪಿಸಬೇಕು.